ಹೋದ ಕುರು ಮತ್ತೆ ಯಾಕೆ ಬಂತು?

ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ

ಯುಗಾದಿ ಕಳೆಯಿತೆಂದರೆ ನನಗೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಚಳಿಗಾಲದಲ್ಲಿ ಹಿಮ್ಮಡಿ ಒಡಕು, ತಲೆಹೊಟ್ಟು. ಬಿಸಿಲು ಏರಿದಂತೆ ಕುರು. ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುರುವಿನ ಬಗ್ಗೆಯೇ ಇದ್ದವು. ಅವುಗಳಲ್ಲಿ ಒಂದು ಮಾತು ಎಲ್ಲರೂ ಬರೆದಿದ್ದಾರೆ: ‘ವಾಸಿಯಾಗಿತ್ತು ಡಾಕ್ಟ್ರೇ, ಮತ್ತೆ ಎದ್ದಿದೆ.’ ದಾವಣಗೆರೆಯಲ್ಲಿ ಇಪ್ಪತ್ತಾರು ವರ್ಷದಿಂದ ಚರ್ಮರೋಗ ನೋಡುತ್ತಿದ್ದೇನೆ. ಒಂದು ಕುರು ವಾಸಿ ಮಾಡುವುದು ಕಷ್ಟವಲ್ಲ, ಆ ‘ಮತ್ತೆ’ಯನ್ನು ನಿಲ್ಲಿಸುವುದೇ ಕಷ್ಟ. ಅದಕ್ಕೇ ಈ ಸಲದ ಪುಟ ಪೂರ್ತಿ ಕುರುವಿಗೇ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 34. ಹೋದ ವರ್ಷ ಶಿವರಾತ್ರಿಯಿಂದ ಇಲ್ಲಿಯವರೆಗೆ ಏಳು ಕುರು ಎದ್ದಿವೆ. ತೊಡೆಯಲ್ಲಿ ಮೂರು, ಸೊಂಟದ ಸುತ್ತ ಎರಡು, ಕುತ್ತಿಗೆ ಹಿಂದೆ ಒಂದು, ಈಗ ಕೂರುವ ಜಾಗದಲ್ಲಿ ಒಂದು. ಪ್ರತಿ ಸಲ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಗೊಂಡೆ. ಎರಡು ದಿನಕ್ಕೆ ನೋವು ಇಳಿಯುತ್ತದೆ, ಬಿಡುತ್ತೇನೆ. ತಿಂಗಳು ಒಂದೂವರೆ ತಿಂಗಳಿಗೆ ಮತ್ತೆ ಶುರು. ನಡುವೆ ಹೆಂಡತಿಗೂ ಒಂದು ಆಯ್ತು, ಮಗಳಿಗೂ ಒಂದು ಆಯ್ತು. ಭಟ್ಟಿಯ ಕಾವಿಗೆ ರಕ್ತ ಕೆಟ್ಟಿದೆ ಅಂತಾರೆ. ಕೆಲಸ ಬಿಡಬೇಕಾ?

ಉತ್ತರ: ಕೆಲಸ ಬಿಡಬೇಡಿ. ನಿಮ್ಮ ರಕ್ತ ಕೆಟ್ಟಿಲ್ಲ. ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ಹೆಂಡತಿಗೂ ಒಂದು, ಮಗಳಿಗೂ ಒಂದು’ ಎಂಬಲ್ಲಿ. ಕಾವಿನಿಂದಲೇ ಕುರು ಬರುವುದಾದರೆ ಭಟ್ಟಿಯ ಮುಖ ನೋಡದ ಮಗಳಿಗೆ ಯಾಕೆ ಬಂತು?

ಕೂದಲು ಹುಟ್ಟುವ ಸಣ್ಣ ಗುಳಿಯೊಳಗೆ ಒಂದು ಬ್ಯಾಕ್ಟೀರಿಯಾ ಇಳಿದು ಬೆಳೆದರೆ ಕುರು ಆಗುತ್ತದೆ. ಹೆಚ್ಚಿನ ಕುರುಗಳಲ್ಲಿ ಸಿಗುವ ಆ ಬ್ಯಾಕ್ಟೀರಿಯಾದ ಹೆಸರು ಸ್ಟೆಫೈಲೋಕಾಕಸ್ ಆರಿಯಸ್. ನಮ್ಮ ಬಿಳಿ ರಕ್ತಕಣಗಳು ಅದರ ಮೇಲೆ ಬಿದ್ದು ಕಾದಾಡಿ ಸಾಯುತ್ತವೆ. ಸತ್ತ ಕಣ, ಕರಗಿದ ಚರ್ಮ, ಬ್ಯಾಕ್ಟೀರಿಯಾ ಎಲ್ಲ ಕಲೆತದ್ದೇ ಕೀವು. 1880ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಇವು ಗೊಂಚಲು ಗೊಂಚಲಾಗಿ ಕಂಡವು. ಗ್ರೀಕ್ ಭಾಷೆಯಲ್ಲಿ ‘ಸ್ಟೆಫೈಲಿ’ ಎಂದರೆ ದ್ರಾಕ್ಷಿ ಗೊಂಚಲು, ಹೆಸರು ಬಂದದ್ದು ಹಾಗೆ. ‘ಆರಿಯಸ್’ ಎಂದರೆ ಚಿನ್ನದ ಬಣ್ಣದ್ದು.

ಆ ಚಿನ್ನದ ಬಣ್ಣವನ್ನು ನಾನು ಮನಸ್ಸಿಟ್ಟು ನೋಡಿದ್ದು ನನ್ನದೇ ಕಾಯಿಲೆಯಲ್ಲಿ. ಹೌಸ್ ಸರ್ಜನ್ ಆಗಿದ್ದಾಗ ಎಂಟು ತಿಂಗಳು ತೊಡೆಯ ಮೇಲೆ ಒಂದಾದ ಮೇಲೊಂದು ಕುರು. ಸರಿಯಾಗಿ ಕೂರಲಾಗದೆ ಒಂದು ಬದಿಗೆ ವಾಲಿಕೊಂಡು ಕೇಸ್ ಶೀಟ್ ಬರೆಯುತ್ತಿದ್ದೆ. ನೀವು ಮಾಡಿದ್ದನ್ನೇ ನಾನೂ ಮಾಡಿದೆ: ಸ್ಯಾಂಪಲ್ ಮಾತ್ರೆ ಮೂರು ದಿನ ನುಂಗುವುದು, ನೋವು ಇಳಿದ ಕೂಡಲೇ ಬಿಡುವುದು. ಕೊನೆಗೆ ಮೈಕ್ರೋಬಯಾಲಜಿಯ ಮೇಡಂ ಒಬ್ಬರು ನನ್ನನ್ನು ಕೂರಿಸಿಕೊಂಡು ತೊಡೆಯ ಕೀವನ್ನು ಒಂದು ಹತ್ತಿಕಡ್ಡಿಯಲ್ಲಿ ತೆಗೆದರು, ಇನ್ನೊಂದು ಹತ್ತಿಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ತಿರುಗಿಸಿದರು. ಎರಡು ದಿನ ಬಿಟ್ಟು ಕರೆದು ಎರಡು ತಟ್ಟೆ ಪಕ್ಕಪಕ್ಕ ಇಟ್ಟರು. ಬ್ಯಾಕ್ಟೀರಿಯಾ ಬೆಳೆಸಲು ತಟ್ಟೆಗೆ ಹಾಕಿದ, ರಕ್ತ ಬೆರೆಸಿದ ಕೆಂಪು ಅಗಾರಿನ ಮೇಲೆ ಸಾಸಿವೆಯಷ್ಟಷ್ಟೇ ಹಳದಿ ಬೊಟ್ಟುಗಳು, ಬೆಣ್ಣೆ ಸವರಿದ ಹಾಗೆ ಮಿರುಗುತ್ತಿದ್ದವು. ಒಂದೊಂದರ ಸುತ್ತಲೂ ಕೆಂಪು ಕರಗಿ ತಿಳಿಯಾದ ಉಂಗುರ. ‘ಇದು ತೊಡೆಯದು, ಇದು ಮೂಗಿನದು. ಯಾವುದು ಯಾವುದೆಂದು ಚೀಟಿ ನೋಡದೆ ಹೇಳು’ ಎಂದರು. ನನಗೆ ಹೇಳಲಾಗಲಿಲ್ಲ.

ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನ ಹೊಳ್ಳೆಯಲ್ಲಿ ಈ ಬ್ಯಾಕ್ಟೀರಿಯಾ ಮನೆಮಾಡಿಕೊಂಡಿರುತ್ತದೆ. ಕಂಕುಳು, ತೊಡೆಸಂದಿನಲ್ಲೂ ಇರಬಹುದು. ಬಹಳ ಜನಕ್ಕೆ ಅದು ಏನೂ ಮಾಡುವುದಿಲ್ಲ. ಕೆಲವರಿಗೆ ಮಾತ್ರ, ಮೂಗು ಮುಟ್ಟಿದ ಬೆರಳು ಹೋಗಿ ಬೆವರಿ ನೆನೆದ ತೊಡೆಯನ್ನು ಕೆರೆಯುತ್ತದೆ, ಕೆರೆದಲ್ಲಿ ಕುರು. ನೀವು ನುಂಗಿದ ಮಾತ್ರೆ ಆ ಹೊತ್ತಿನ ಕುರುವನ್ನು ಇಳಿಸಿತು, ಮೂಗಿನಲ್ಲಿದ್ದದ್ದು ಅಲ್ಲೇ ಉಳಿಯಿತು. ಟವೆಲ್ಲಿನಲ್ಲಿ, ಹಾಸಿಗೆಯಲ್ಲಿ ಇದ್ದದ್ದು ಹೆಂಡತಿ, ಮಗಳ ಮೈಗೆ ಹತ್ತಿತು. ಅವರ ಮೈಯಿಂದ ತಿರುಗಿ ನಿಮಗೆ. ಕುರು ನಿಮ್ಮ ಮನೆ ಬಿಟ್ಟು ಹೋಗಿಯೇ ಇಲ್ಲ.

ಹಾಗಾದರೆ ಭಟ್ಟಿಯದು ಏನೂ ಇಲ್ಲವೇ? ಇದೆ. ಉರಿಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ ಎಂಥದ್ದೆಂದು ನನಗೆ ಗೊತ್ತು, ಭಟ್ಟಿಯಿಂದ ಬರುವ ಎಷ್ಟೋ ಜನರ ಮೈ ನೋಡಿದ್ದೇನೆ. ಬೆವರಿನಲ್ಲಿ ನೆನೆದ ಬಟ್ಟೆ ತೊಡೆ ತಿಕ್ಕುತ್ತದೆ, ಹೊಟ್ಟಿನ ಧೂಳು ಕಣ್ಣಿಗೆ ಕಾಣದಂತೆ ಗೀರುತ್ತದೆ. ಇವು ಬಾಗಿಲು ತೆರೆಯುತ್ತವೆ. ಒಳಗೆ ಬರಲು ಬ್ಯಾಕ್ಟೀರಿಯಾ ಬೇಕೇ ಬೇಕು. ಸೊಂಟದ ಸುತ್ತ ಎರಡು ಎಂದಿದ್ದೀರಿ. ಉಡಿದಾರ ಕಟ್ಟಿಕೊಂಡಿದ್ದರೆ ಒಮ್ಮೆ ಮುಟ್ಟಿ ನೋಡಿ. ಬೆವರು ಕುಡಿದು ಕುಡಿದು ಗಟ್ಟಿಯಾದ ಹಳೇ ದಾರ ದಿನವಿಡೀ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಹೆಂಗಸರಿಗೆ ಲಂಗದ ಲಾಡಿ ಮಾಡುವುದೂ ಇದನ್ನೇ. ವಾಸಿಯಾಗುವ ತನಕ ಉಡಿದಾರ ತೆಗೆದಿಡಿ, ಮುಂದೆ ಕಟ್ಟಿಕೊಳ್ಳುವುದಾದರೆ ಹೊಸದು ಕಟ್ಟಿಕೊಳ್ಳಿ.

ಮೊದಲು ಈಗಿರುವ ಕುರುವಿನ ಮಾತು. ಶುದ್ಧವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕೈ ತಡೆಯುವಷ್ಟು ಬಿಸಿ ಇರುವಾಗ ಹತ್ತು ಹದಿನೈದು ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ನಮ್ಮ ಅಜ್ಜಿಯರು ಸುಟ್ಟ ಈರುಳ್ಳಿ ಕಟ್ಟುತ್ತಿದ್ದರಲ್ಲ, ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಆ ಬಿಸಿಯೇ. ಸಣ್ಣ ಕುರು ಇಷ್ಟಕ್ಕೇ ಹಣ್ಣಾಗಿ ತಾನಾಗಿ ಒಡೆಯುತ್ತದೆ. ಒಡೆದ ಮೇಲೆ ತೊಳೆದು ಗಾಜ್ ಬಟ್ಟೆ ಮುಚ್ಚಿ. ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ. ಹಿಂಡಿದಾಗ ಅರ್ಧ ಕೀವು ಹೊರಗೆ ಬರುತ್ತದೆ, ಅರ್ಧ ಒಳಕ್ಕೆ ಸರಿಯುತ್ತದೆ.

ನಿಂಬೆಹಣ್ಣಿನಷ್ಟು ದೊಡ್ಡದಾಗಿ, ಒತ್ತಿದರೆ ಒಳಗೆ ನೀರು ಜರುಗಿದಂತೆ ಅನಿಸಿದರೆ ಡಾಕ್ಟರ ಹತ್ತಿರ ಹೋಗಿ ಕೊಯ್ಯಿಸಿ ಕೀವು ತೆಗೆಸಿ. ಕೀವು ತುಂಬಿದ ಗುಳಿಯೊಳಕ್ಕೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಜಾಗಕ್ಕೆ ಮಾತ್ರೆಯೂ ಸರಿಯಾಗಿ ತಲುಪುವುದಿಲ್ಲ. ದೊಡ್ಡ ಕುರುವಿಗೆ ಆ ಸಣ್ಣ ಕೊಯ್ತವೇ ಮುಖ್ಯ ಔಷಧಿ, ಮಾತ್ರೆ ಅದರ ಜೊತೆಗೆ. ಜ್ವರ ಇದ್ದರೆ, ಸುತ್ತ ಕೆಂಪು ಹರಡುತ್ತಿದ್ದರೆ, ಒಟ್ಟಿಗೆ ಹಲವು ಎದ್ದಿದ್ದರೆ ಆಂಟಿಬಯಾಟಿಕ್ ಬೇಕೇ ಬೇಕು.

ಕೊಯ್ಯುವಾಗ ಒಂದು ಮಾತು ಕೇಳಿ: ‘ಕೀವು ಕಲ್ಚರಿಗೆ ಕಳಿಸ್ತೀರಾ?’ ಏಳನೇ ಕುರು ಇದು, ಇನ್ನು ಅಂದಾಜಿನ ಮೇಲೆ ಮಾತ್ರೆ ಬೇಡ. ಎರಡು ಮೂರು ದಿನದಲ್ಲಿ ಯಾವ ಬ್ಯಾಕ್ಟೀರಿಯಾ, ಯಾವ ಮಾತ್ರೆಗೆ ಬಗ್ಗುತ್ತದೆ ಎಂದು ಗೊತ್ತಾಗುತ್ತದೆ. ಈ ಬ್ಯಾಕ್ಟೀರಿಯಾ ಮಾತ್ರೆ ಕಂಡು ಕಲಿಯುವುದರಲ್ಲಿ ಬಹಳ ಚುರುಕು. ಪೆನಿಸಿಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಅದಕ್ಕೆ ಜಗ್ಗದ ತಳಿಗಳು ಬಂದವು. ಅವಕ್ಕೆಂದೇ ಮೆಥಿಸಿಲಿನ್ ಮಾಡಿದರು, 1961ರಲ್ಲೇ ಇಂಗ್ಲೆಂಡಿನಲ್ಲಿ ಅದಕ್ಕೂ ಜಗ್ಗದ್ದು ಸಿಕ್ಕಿತು. ಎಂಆರ್‌ಎಸ್‌ಎ ಎಂದು ರಿಪೋರ್ಟಿನಲ್ಲಿ ಬರೆಯುವುದು ಅದನ್ನೇ. ಎರಡು ದಿನ ನುಂಗಿ ಬಿಟ್ಟ ಒಂದೊಂದು ಅರ್ಧ ಕೋರ್ಸೂ ಅದಕ್ಕೆ ಪಾಠ ಹೇಳಿಕೊಟ್ಟಂತೆ. ಡಾಕ್ಟರು ಎಷ್ಟು ದಿನ ಬರೆದಿದ್ದಾರೋ ಅಷ್ಟೂ ದಿನ ನುಂಗಿ.

ಈ ಕುರು ವಾಸಿಯಾದ ಮೇಲೆ ನಿಜವಾದ ಕೆಲಸ ಶುರು. ಐದು ದಿನದ ಕೆಲಸ, ಮನೆಯ ಮೂವರೂ ಅದೇ ಐದು ದಿನ ಒಟ್ಟಿಗೆ ಮಾಡಬೇಕು. ಒಬ್ಬರು ಈ ವಾರ, ಇನ್ನೊಬ್ಬರು ಮುಂದಿನ ವಾರ ಎಂದರೆ ಮಾಡದೆ ಇದ್ದ ಹಾಗೆಯೇ. ಡಾಕ್ಟರ ಚೀಟಿ ಪಡೆದು ಮ್ಯೂಪಿರೋಸಿನ್ ಮುಲಾಮು ತನ್ನಿ. ಬೆಂಕಿಕಡ್ಡಿಯ ತಲೆಯಷ್ಟು, ಎರಡೂ ಹೊಳ್ಳೆಯ ಒಳಬದಿಗೆ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ. ಹಚ್ಚಿ ಮೂಗನ್ನು ಹೊರಗಿನಿಂದ ಮೆಲ್ಲಗೆ ಒತ್ತಿ ಸವರಿ. ದಿನಾ ಸ್ನಾನಕ್ಕೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ: ಮೈ ಒದ್ದೆ ಮಾಡಿಕೊಂಡು, ತಂಬಿಗೆ ಕೆಳಗಿಟ್ಟು, ಕುತ್ತಿಗೆಯಿಂದ ಕೆಳಗೆ ಕೈಯಲ್ಲೇ ಹಚ್ಚಿ. ಕಂಕುಳು, ಹೊಕ್ಕಳು, ತೊಡೆಸಂದು ಬಿಡಬೇಡಿ. ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣು, ಕಿವಿಯೊಳಗೆ ಹೋಗಬಾರದು. ಆ ಐದೂ ದಿನ ಟವೆಲ್, ಒಳಬಟ್ಟೆ, ದಿಂಬಿನ ಕವರು, ಬೆಡ್‌ಶೀಟು ಬಿಸಿನೀರಿನಲ್ಲಿ ಒಗೆದು ನಮ್ಮೂರ ಬಿಸಿಲಿಗೆ ಹರವಿ. ಒಬ್ಬೊಬ್ಬರಿಗೆ ಒಂದೊಂದು ಟವೆಲ್, ಬೇರೆ ಬೇರೆ ಬಣ್ಣದ್ದು ತಂದರೆ ಅದಲುಬದಲಾಗುವುದಿಲ್ಲ. ಉಗುರು ಗಿಡ್ಡ ಕತ್ತರಿಸಿ. ಗಡ್ಡದ ಬ್ಲೇಡು ಹಂಚಿಕೊಳ್ಳಬೇಡಿ. ಭಟ್ಟಿಯಲ್ಲಿ ಯಾರದೋ ಹೆಗಲ ಮೇಲಿನ ಟವೆಲ್ ಎಳೆದು ಮುಖ ಒರೆಸುವುದು ನಿಲ್ಲಲಿ. ಕೆಲಸ ಮುಗಿದ ಕೂಡಲೇ ಆ ಒದ್ದೆ ಬಟ್ಟೆ ಬದಲಾಯಿಸಿ.

ಇಷ್ಟು ಮಾಡಿದರೂ ಕೆಲವರಿಗೆ ಕೆಲವು ತಿಂಗಳ ಮೇಲೆ ಬ್ಯಾಕ್ಟೀರಿಯಾ ಮೂಗಿಗೆ ವಾಪಸ್ ಬರುತ್ತದೆ. ಆಗ ಡಾಕ್ಟರನ್ನು ಕೇಳಿ ಇದೇ ಐದು ದಿನ ಮತ್ತೊಮ್ಮೆ ಮಾಡಬಹುದು. ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿಕೊಂಡೇ ಇರಬಾರದು, ಅದಕ್ಕೂ ಜಗ್ಗದ ತಳಿ ಹುಟ್ಟುತ್ತದೆ. ಜೊತೆಗೆ ನಿಮ್ಮ ಸಕ್ಕರೆ ಪರೀಕ್ಷೆ ಒಮ್ಮೆ ಆಗಲಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆ, ಮನೆ ತುಂಬ ಶೇಂಗಾ. ಶೇಂಗಾ ಉಷ್ಣ, ಅದಕ್ಕೇ ಕುರು ಅಂತ ಅತ್ತೆ ಚಟ್ನಿಪುಡಿಯನ್ನೂ ಬಿಡಿಸಿದ್ದಾರೆ. ಮಾವಿನಹಣ್ಣು, ಮೊಟ್ಟೆ, ಬದನೆಕಾಯಿಯೂ ಬಂದ್. ಸರಿಯೇ?

ಉತ್ತರ: ಶೇಂಗಾದಿಂದ ಕುರು ಬರುವುದಿಲ್ಲ. ಮಾವಿನಿಂದಲೂ ಇಲ್ಲ. ಮಾವು ಹಣ್ಣಾಗುವುದೂ ಮೈ ಬೆವರುವುದೂ ಒಂದೇ ತಿಂಗಳಲ್ಲಿ, ಪಾಪದ ಹಣ್ಣಿನ ಮೇಲೆ ಅಪವಾದ ಬಂದದ್ದು ಹಾಗೆ. ಗಾಯ ಮಾಯಲು ಪ್ರೋಟೀನ್ ಬೇಕು, ಬಡವರ ಮನೆಯಲ್ಲಿ ಅದು ಸುಲಭವಾಗಿ ಸಿಗುವುದು ಶೇಂಗಾ, ಮೊಟ್ಟೆ, ಬೇಳೆಯಲ್ಲಿ. ಅದನ್ನೇ ಕಿತ್ತುಕೊಂಡರೆ ಕುರು ಎದ್ದವರು ಇನ್ನಷ್ಟು ಸೊರಗುತ್ತಾರೆ. ಅತ್ತೆಯವರಿಗೆ ಈ ಪುಟ ಓದಿ ಹೇಳಿ, ಅವರ ಕಾಳಜಿ ನಿಜವಾದದ್ದು. ಆ ಕಾಳಜಿ ಮನೆಯ ಟವೆಲ್ಲಿನ ಮೇಲೆ ತಿರುಗಲಿ. ‘ರಕ್ತಶುದ್ಧಿ’ ಟಾನಿಕ್ ಬಗ್ಗೆಯೂ ಮೂರು ಜನ ಕೇಳಿದ್ದಾರೆ. ರಕ್ತವನ್ನು ಶುದ್ಧ ಮಾಡುವ ಕೆಲಸ ನಿಮ್ಮ ಮೂತ್ರಪಿಂಡ, ಯಕೃತ್ತು ಹಗಲೂ ರಾತ್ರಿ ಮಾಡುತ್ತಿವೆ. ಆ ದುಡ್ಡಿಗೆ ಎರಡು ಟವೆಲ್ ಬರುತ್ತವೆ.

ಪ್ರಶ್ನೆ: ಹರಿಹರದಿಂದ. ನಾಲ್ಕು ವರ್ಷದ ಮಗನ ತಲೆಯಲ್ಲಿ ಪ್ರತಿ ಬೇಸಿಗೆ ಕುರು. ಈ ಸಲ ಐದು. ಸುಣ್ಣ ಬೆಲ್ಲ ಕಲಸಿ ಹಚ್ಚಿದೆವು, ಪಕ್ಕದವರು ಎಕ್ಕದ ಹಾಲು ಬಿಡಿ ಅಂತಾರೆ.

ಉತ್ತರ: ಎಕ್ಕದ ಹಾಲು ಖಂಡಿತ ಬೇಡ. ತಲೆಗೆ ಬಿಟ್ಟ ಹಾಲು ಬೆವರಿನ ಜೊತೆ ಇಳಿದು ಕಣ್ಣಿಗೆ ಹೋಗಿ, ಕರಿಗುಡ್ಡೆ ಊದಿಕೊಂಡು ಮಂಜಾದ ಮಗುವನ್ನು ನಾನು ಕಣ್ಣಿನ ಡಾಕ್ಟರ ಹತ್ತಿರ ಓಡಿಸಿದ್ದೇನೆ. ಸುಣ್ಣವೂ ಎಳೆ ಚರ್ಮವನ್ನು ಸುಡುತ್ತದೆ. ಸುಟ್ಟ ಚರ್ಮ ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಬಾಗಿಲು.

ಮಗನನ್ನು ಬೆಳಕಿಗೆ ಕೂರಿಸಿಕೊಂಡು ಕಿವಿಯ ಹಿಂದೆ, ಹಿಂದಲೆಯಲ್ಲಿ ಕೂದಲು ಬಿಡಿಸಿ ನೋಡಿ. ಕೂದಲಿಗೆ ಅಂಟಿದ ಬಿಳಿ ಸೀರು ಕಂಡರೆ ಹೇನಾಗಿದೆ, ಹೇನಿಗೆ ಕೆರೆದು ಕುರು ಆಗಿದೆ. ಕುರುವಿಗೆ ಎಷ್ಟು ಔಷಧಿ ಹಾಕಿದರೂ ಹೇನು ಹೋಗುವ ತನಕ ನಿಲ್ಲದು. ಹೇನಿಲ್ಲದಿದ್ದರೆ ಬಹುಶಃ ಬೆವರುಸಾಲೆಯನ್ನು ಕೆರೆದುಕೊಂಡಿದ್ದಾನೆ. ಬೇಸಿಗೆ ಮುಗಿಯುವ ತನಕ ತಲೆಗೆ ಎಣ್ಣೆ ಮೆತ್ತಬೇಡಿ, ಕೂದಲು ಗಿಡ್ಡ ಕತ್ತರಿಸಿ, ದಿನಕ್ಕೆ ಎರಡು ಸಲ ತಣ್ಣೀರ ಸ್ನಾನ, ಸಡಿಲ ಹತ್ತಿಬಟ್ಟೆ, ವಾರಕ್ಕೊಮ್ಮೆ ಉಗುರು. ಐದು ಒಟ್ಟಿಗೆ ಎದ್ದಿವೆ ಎಂದ ಮೇಲೆ ಡಾಕ್ಟರಿಗೆ ತೋರಿಸಲೇಬೇಕು, ತೂಕ ನೋಡಿ ಮಾತ್ರೆಯೋ ಸಿರಪ್ಪೋ ಕೊಡುತ್ತಾರೆ. ಕುರು ಎದ್ದ ನಂತರದ ವಾರಗಳಲ್ಲಿ ಬೆಳಿಗ್ಗೆ ಎದ್ದಾಗ ಮಗನ ಮುಖ, ಕಣ್ಣಿನ ಸುತ್ತ ಊದಿಕೊಂಡಿದ್ದರೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದ ಕೆಲವು ಸೋಂಕುಗಳ ಬೆನ್ನಿಗೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೇಗ ಹಿಡಿದರೆ ಮಕ್ಕಳು ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ.

ಪ್ರಶ್ನೆ: ಜಗಳೂರು. ಮೂಗಿನ ತುದಿಯ ಒಳಗೆ ಕುರು ಎದ್ದಿತ್ತು, ನಿನ್ನೆ ಕನ್ನಡಿ ಮುಂದೆ ನಿಂತು ಹಿಂಡಿದೆ. ಈಗ ಮೇಲ್ತುಟಿಯೂ ಊದಿದೆ.

ಉತ್ತರ: ಈ ಪತ್ರಕ್ಕೆ ಫೋನಿನಲ್ಲೇ ಉತ್ತರ ಕೊಟ್ಟೆ, ಪತ್ರಿಕೆ ಬರುವ ತನಕ ಕಾಯುವ ವಿಷಯ ಇದಲ್ಲ. ಉಳಿದವರಿಗಾಗಿ ಬರೆಯುತ್ತೇನೆ. ಬಾಯಿಯ ಎರಡು ಮೂಲೆಯಿಂದ ಎರಡು ಹುಬ್ಬಿನ ನಡುವಿನ ತನಕ ಒಂದು ತ್ರಿಕೋನ ಎಳೆದುಕೊಳ್ಳಿ. ಅದರೊಳಗಿನ ಕುರುವಿಗೆ ಕೈ ಹಚ್ಚಬಾರದು. ಅಲ್ಲಿನ ರಕ್ತನಾಳಗಳು ಕಣ್ಣಿನ ಹಿಂಭಾಗದ ಮೂಲಕ ಮೆದುಳಿನ ತಳದ ರಕ್ತನಾಳಗಳಿಗೆ ಕೂಡುತ್ತವೆ. ಹಿಂಡಿದ ಕೀವು ಆ ದಾರಿ ಹಿಡಿಯುವುದು ಅಪರೂಪ, ಹಿಡಿದರೆ ಜೀವಕ್ಕೇ ಅಪಾಯ. ಜ್ವರ, ಜೋರು ತಲೆನೋವು, ಕಣ್ಣಿನ ರೆಪ್ಪೆ ಊತ, ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಒಂದು ಬಂದರೂ ರಾತ್ರಿಯೆನ್ನದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಮೂಗಿನ ಕೂದಲು ಕೀಳುವ ಅಭ್ಯಾಸ ಇರುವವರು ಇವತ್ತಿಗೇ ಬಿಡಿ, ಬೇಕಾದರೆ ಮೊಂಡು ತುದಿಯ ಕತ್ತರಿಯಲ್ಲಿ ಕತ್ತರಿಸಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ವಯಸ್ಸು 20. ಹೈಸ್ಕೂಲಿನಿಂದ ಕಂಕುಳಲ್ಲಿ, ತೊಡೆಸಂದಿನಲ್ಲಿ ಕುರು. ಮುಟ್ಟಿನ ಹಿಂದಿನ ವಾರ ಜಾಸ್ತಿ. ಒಡೆದು ಸೋರುತ್ತವೆ, ವಾಸನೆ ಬರುತ್ತದೆ. ಈಗ ಒಂದರಿಂದ ಇನ್ನೊಂದಕ್ಕೆ ಚರ್ಮದ ಕೆಳಗೆ ಹಗ್ಗ ಎಳೆದ ಹಾಗೆ ಗಟ್ಟಿಯಾಗಿದೆ. ಶುಚಿ ಇಲ್ಲ ಅಂತ ಹಾಸ್ಟೆಲ್ಲಿನಲ್ಲಿ ಅಂದರು. ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತೇನೆ. ಅಮ್ಮನಿಗೂ ತೋರಿಸಿಲ್ಲ.

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಮಾತು: ಇದು ಕೊಳೆಯಿಂದ ಬಂದದ್ದಲ್ಲ, ನಿನ್ನ ತಪ್ಪಿನಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ. ಹಾಗೆ ಅಂದವರಿಗೆ ಈ ಪುಟ ತೋರಿಸು.

ಭಟ್ಟಿಯ ಅಣ್ಣನಿಗೆ ಮೇಲೆ ಬರೆದ ಉತ್ತರ ನಿನಗೆ ಹೊಂದುವುದಿಲ್ಲ. ಕಂಕುಳು ಮತ್ತು ತೊಡೆಸಂದು, ಅದೇ ಅದೇ ಜಾಗ, ವರ್ಷಗಟ್ಟಲೆ, ಮುಟ್ಟಿನ ಮುಂಚೆ ಹೆಚ್ಚು, ಒಳಗೆ ಹಗ್ಗದಂಥ ಗಟ್ಟಿ: ಇಷ್ಟು ಸೇರಿದರೆ ನಾನು ಯೋಚಿಸುವ ಹೆಸರು ಹೈಡ್ರಾಡೆನೈಟಿಸ್ ಸಪ್ಪುರಟೈವಾ. ಉದ್ದ ಹೆಸರು, ಎಚ್‌ಎಸ್ ಎನ್ನೋಣ. ಹೆಸರು ಬೆವರಿನ ಗ್ರಂಥಿಯನ್ನು ದೂರುತ್ತದೆ, ಆದರೆ ತೊಂದರೆ ಶುರುವಾಗುವುದು ಕೂದಲ ಗುಳಿಯ ಬಾಯಿ ಕಟ್ಟಿಕೊಳ್ಳುವುದರಿಂದ. ಕಟ್ಟಿದ ಗುಳಿ ಚರ್ಮದ ಕೆಳಗೇ ಒಡೆಯುತ್ತದೆ, ಮೈ ಅದರ ಮೇಲೆ ಉರಿದು ಬೀಳುತ್ತದೆ, ವಾಸಿಯಾಗುತ್ತಾ ಸುರಂಗಗಳು ಕಟ್ಟಿಕೊಳ್ಳುತ್ತವೆ. ನಿನಗೆ ಹಗ್ಗದಂತೆ ಕೈಗೆ ಸಿಗುವುದು ಅದೇ. ಆ ಜಾಗದಲ್ಲಿ ಜೋಡಿ ಜೋಡಿ ಕಪ್ಪು ಚುಕ್ಕೆಗಳು ಇವೆಯೇ ನೋಡು. ಇದ್ದರೆ ಡಾಕ್ಟರಿಗೆ ಮರೆಯದೆ ತೋರಿಸು, ಅದು ಈ ಕಾಯಿಲೆಯ ಗುರುತು.

ಈ ರೋಗಿಗಳಿಗೆ ಸರಿಯಾದ ಹೆಸರು ಸಿಗುವ ಹೊತ್ತಿಗೆ ಸಾಮಾನ್ಯವಾಗಿ ಹಲವು ವರ್ಷ ಕಳೆದಿರುತ್ತವೆ. ಪ್ರತಿ ಸಲ ಒಬ್ಬೊಬ್ಬ ಡಾಕ್ಟರು ಒಂದೊಂದು ಕುರು ಕೊಯ್ದು ಕಳಿಸಿರುತ್ತಾರೆ. ನಾನೂ ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗಿಗೆ ಹೀಗೆ ನಾಲ್ಕು ಸಲ ಬರೀ ಆಂಟಿಬಯಾಟಿಕ್ ಬರೆದು ಕಳಿಸಿದ್ದೆ. ಐದನೇ ಸಲ ಅವಳು ಎರಡೂ ಕೈ ಎತ್ತಿ ತೋರಿಸಿದಾಗ, ಎರಡೂ ಕಂಕುಳಲ್ಲಿ ಒಂದೇ ತರಹದ ಗೆರೆಗಳು. ಮೊದಲ ದಿನವೇ ನಾನು ಎರಡೂ ಕಡೆ ನೋಡಬೇಕಿತ್ತು. ಅದಕ್ಕೇ ಹೇಳುತ್ತೇನೆ, ಇವತ್ತು ಒಡೆದಿರುವ ಒಂದನ್ನು ಮಾತ್ರ ತೋರಿಸಿ ಬರಬೇಡ. ಎಲ್ಲ ಜಾಗ ತೋರಿಸು, ಎಷ್ಟು ವರ್ಷದಿಂದ ಎಂದು ಹೇಳು. ಹೆಣ್ಣು ಡಾಕ್ಟರು ಬೇಕೆಂದು ಕೇಳುವುದು ನಿನ್ನ ಹಕ್ಕು.

ಔಷಧಿ ಇದೆ. ಹಚ್ಚುವ ಕ್ಲಿಂಡಮೈಸಿನ್ ಲೋಷನ್ನಿನಿಂದ ಹಿಡಿದು ಕೆಲವು ತಿಂಗಳು ನುಂಗುವ ಡಾಕ್ಸಿಸೈಕ್ಲಿನ್ ತನಕ. ಇಲ್ಲಿ ಆಂಟಿಬಯಾಟಿಕ್ ಕೊಡುವುದು ಬಹುಪಾಲು ಆ ಉರಿಯನ್ನು ತಗ್ಗಿಸಲು. ಜೋರಾಗಿದ್ದರೆ ಅಡಾಲಿಮುಮಾಬ್ ಎಂಬ ಇಂಜೆಕ್ಷನ್ ಇದೆ, 2015ರಿಂದ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದಿದೆ, ದುಬಾರಿ. ಸುರಂಗದ ಮೇಲ್ಛಾವಣಿ ತೆಗೆಯುವ ಸಣ್ಣ ಆಪರೇಷನ್ ಕೆಲವರಿಗೆ ಬಹಳ ನೆಮ್ಮದಿ ಕೊಡುತ್ತದೆ. ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ಉಪಯೋಗ. ಬಿಗಿ ಬಟ್ಟೆ, ಕಂಕುಳಿಗೆ ಬ್ಲೇಡು, ಒರಟಾಗಿ ಉಜ್ಜುವುದು ಬೇಡ. ದಿನಕ್ಕೆ ಎರಡು ಸ್ನಾನ ಮಾಡುತ್ತಿದ್ದೀಯ, ಅದಕ್ಕಿಂತ ಹೆಚ್ಚು ಉಜ್ಜಿ ತೊಳೆದರೆ ಕಾಯಿಲೆ ಕೆರಳುತ್ತದೆಯೇ ಹೊರತು ಕಡಿಮೆಯಾಗದು. ಅಮ್ಮನಿಗೆ ಹೇಳು. ಮೂರರಲ್ಲಿ ಒಬ್ಬರಿಗೆ ಈ ಕಾಯಿಲೆ ಮನೆತನದಲ್ಲಿ ಇರುತ್ತದೆ, ಅಮ್ಮನೂ ನಿನ್ನ ಹಾಗೆಯೇ ಯಾರಿಗೂ ಹೇಳದೆ ಸಹಿಸಿಕೊಂಡಿರಬಹುದು.

ಪ್ರಶ್ನೆ: ಹೊನ್ನಾಳಿ ತಾಲ್ಲೂಕು. ಅಪ್ಪನಿಗೆ 61. ಬೆನ್ನ ಮೇಲೆ, ಕುತ್ತಿಗೆಯ ಬುಡದಲ್ಲಿ ಅಂಗೈ ಅಗಲ ಊದಿ ನಾಲ್ಕೈದು ಕಡೆ ಬಾಯಿ ಬಿಟ್ಟಿದೆ. ಹೋದ ವರ್ಷವೂ ಎರಡು ಸಲ ಕುರು ಆಗಿತ್ತು. ತೋಟಕ್ಕೆ ನಾಲೆ ನೀರಿನ ಸರದಿ ಮುಗಿಯಲಿ, ಆಮೇಲೆ ಬರ್ತೀನಿ ಅಂತಾರೆ. ಶುಗರ್ ಇಲ್ಲ.

ಉತ್ತರ: ‘ಶುಗರ್ ಇಲ್ಲ’ ಎಂದು ಯಾವಾಗ ನೋಡಿಸಿದ್ದು? ಅದನ್ನು ನೀವು ಬರೆದಿಲ್ಲ. ಇದು ಹಲವು ಕುರು ಒಳಗೊಳಗೇ ಕೂಡಿಕೊಂಡದ್ದು, ಕಾರ್ಬಂಕಲ್. ಹಿರಿಯರು ಬೆನ್ನುಫಣಿ ಎಂದು ಹೆದರುತ್ತಿದ್ದದ್ದು ಇದಕ್ಕೇ, ಹೆದರಿದ್ದು ಸರಿಯೂ ಆಗಿತ್ತು. ಬೆನ್ನಿನ ಚರ್ಮ ದಪ್ಪ, ಕೀವಿಗೆ ಮೇಲೆ ಬರಲು ದಾರಿ ಸಿಗದೆ ಅಡಿಯಲ್ಲೇ ಅಗಲಕ್ಕೆ ಹರಡಿ ಜರಡಿಯ ಹಾಗೆ ಅಲ್ಲಲ್ಲಿ ತೂತು ಮಾಡುತ್ತದೆ. ಇದು ಎದ್ದವರಲ್ಲಿ ಬಹಳ ಮಂದಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಎಷ್ಟೋ ಜನಕ್ಕೆ ಸಕ್ಕರೆ ಇದೆ ಎಂದು ಗೊತ್ತಾಗುವುದೇ ಈ ಕುರುವಿನಿಂದ. ಸಕ್ಕರೆ ಏರಿದ ರಕ್ತದಲ್ಲಿ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಬ್ಯಾಕ್ಟೀರಿಯಾ ಗೆಲ್ಲುತ್ತದೆ.

ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕರೆದುಕೊಂಡು ಹೊರಡಿ. ಬರಿಹೊಟ್ಟೆ ಸಕ್ಕರೆ 126 ಅಥವಾ ಮೇಲಿದ್ದರೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ದಾವಣಗೆರೆಗೆ ಬರುವುದಾದರೆ ಚಿಗಟೇರಿ ಜಿಲ್ಲಾಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹೋಗಿ. ಕೊಯ್ದು ಕೀವು ತೆಗೆಯಬೇಕು, ಅಡ್ಮಿಟ್ ಮಾಡಿಕೊಂಡು ಸಕ್ಕರೆ ಹತೋಟಿಗೆ ತರಬೇಕು. ಇದು ಮನೆಯಲ್ಲಿ ಬಿಸಿಬಟ್ಟೆ ಇಟ್ಟು ಕಾಯುವ ಕುರುವಲ್ಲ. ನೀರಿನ ಸರದಿಗೆ ಪಕ್ಕದ ತೋಟದವರನ್ನು ಒಂದು ವಾರ ನಿಲ್ಲಿಸಿ. ಅಪ್ಪ ಒಪ್ಪದಿದ್ದರೆ ಈ ಮಾತು ಹೇಳಿ: ಕೀವಿನ ವಿಷ ರಕ್ತಕ್ಕೆ ಏರಿದರೆ ಚಳಿ ಜ್ವರ ಬಂದು, ಮಾತು ತೊದಲಿ, ಒಂದೆರಡು ದಿನದಲ್ಲಿ ಕೈಮೀರುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಹಿರಿಯೂರು. ಲಾರಿ ಡ್ರೈವರ್, 27 ವರ್ಷ. ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ, ಬಾಲದ ಮೂಳೆಯ ಹತ್ತಿರ ಮೂರನೇ ಸಲ ಕುರು. ಎರಡು ಸಲ ಕೊಯ್ಸಿದೆ. ಸೋರುವುದು ನಿಂತಿಲ್ಲ.

ಉತ್ತರ: ಹೆದ್ದಾರಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಸೀಟಿನ ಮೇಲೆ ಕುಲುಕುತ್ತಾ ಕೂರುವವರಿಗೆ ಈ ಜಾಗದಲ್ಲಿ ಬರುವುದು ಹೆಚ್ಚಾಗಿ ಪೈಲೊನೈಡಲ್ ಸೈನಸ್. ಉದುರಿದ ಕೂದಲು ಆ ಸೀಳಿನಲ್ಲಿ ಸಿಕ್ಕು, ತಿಕ್ಕಾಟಕ್ಕೆ ಸೂಜಿಯ ಹಾಗೆ ಚರ್ಮದೊಳಗೆ ಇಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಜೀಪ್ ಓಡಿಸುತ್ತಿದ್ದ ಅಮೆರಿಕದ ಸೈನಿಕರಿಗೆ ಎಷ್ಟು ಬಂತೆಂದರೆ ‘ಜೀಪ್ ರೋಗ’ ಎಂದೇ ಹೆಸರಾಯಿತು. ಮೇಲಿನ ಕೀವು ತೆಗೆದರೆ ಒಳಗಿನ ಕೂದಲು, ಕೊಳವೆ ಉಳಿಯುತ್ತವೆ, ಅದಕ್ಕೇ ಮೂರನೇ ಸಲ ಬಂದಿದೆ. ಊತ ಇಳಿದ ಮೇಲೆ ಕೊಳವೆಯನ್ನೇ ತೆಗೆಯುವ ಆಪರೇಷನ್ ಆಗಬೇಕು. ಗಾಯವನ್ನು ನಡುವೆ ಹೊಲಿಯುವ ಬದಲು ಒಂದು ಬದಿಗೆ ಸರಿಸಿ ಹೊಲಿದರೆ ಮರುಕಳಿಸುವುದು ಕಡಿಮೆ, ಸರ್ಜನ್ನರನ್ನು ಆ ಬಗ್ಗೆ ಕೇಳಿ. ಅಲ್ಲಿಯವರೆಗೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಇಳಿದು ಓಡಾಡಿ, ಆ ಜಾಗದ ಕೂದಲು ತೆಗೆಸಿಕೊಳ್ಳಿ, ಒದ್ದೆ ಬಿಡಬೇಡಿ. ಹಿಂದಿನ ಎರಡೂ ಸಲದ ಚೀಟಿ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಬಿದ್ದಿದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಎಲ್ಲಿ ಕೊಯ್ದರು, ಎಷ್ಟು ಆಳಕ್ಕೆ ಕೊಯ್ದರು ಎಂಬುದು ಸರ್ಜನ್ನರಿಗೆ ಬೇಕಾಗುತ್ತದೆ.